ಎರಡು ಮಿಲಿಮೀಟರಿನ ಸೇತುವೆ: ನಡುಗಿವಿಯ ಕಿರುಮೂಳೆಗೆ ಸಿಮೆಂಟು ಹಾಕುವ ಚಿಕಿತ್ಸೆಯನ್ನು ಹೇಗೆ ಅಳೆಯಬೇಕು?

ಕಿವಿ ಸೋರುವುದು ನಿಂತಿದೆ. ತೂತಾಗಿದ್ದ ಕಿವಿಯ ತಮಟೆಗೆ ತೇಪೆ ಹಾಕಿದ ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿದೆ, ಗಾಯವೂ ಮಾಗಿದೆ. ಆದರೂ ಕೇಳಿಸುವುದು ಮೊದಲಿನಷ್ಟೇ ಮಂದ, ಕೆಲವೊಮ್ಮೆ ಮೊದಲಿಗಿಂತ ಮಂದ. ಇಂಥ ರೋಗಿಗಳಲ್ಲಿ ಹಲವರ ತೊಂದರೆ ಇರುವುದು ತಮಟೆಯಲ್ಲಲ್ಲ, ಅದರ ಹಿಂದೆ. ಅಲ್ಲಿನ ಮೂರು ಕಿರುಮೂಳೆಗಳ ಪೈಕಿ ನಡುವಿನದು, ಅಂದರೆ ಇಂಕಸ್, ತನ್ನ ತುದಿಯ ಒಂದೆರಡು ಮಿಲಿಮೀಟರನ್ನು ಕಳೆದುಕೊಂಡಿರುತ್ತದೆ. ಅಷ್ಟು ಸಣ್ಣ ಕೊರತೆಗೆ ಇಡೀ ಮೂಳೆಯನ್ನು ತೆಗೆದು ಕೃತಕ ಕಡ್ಡಿಯೊಂದನ್ನು ಕೂರಿಸಬೇಕೆ, ಅಥವಾ ಖಾಲಿಯಾದ ಜಾಗವನ್ನಷ್ಟೇ ಮೂಳೆ ಸಿಮೆಂಟಿನಿಂದ ತುಂಬಿದರೆ ಸಾಕೆ? ಕಿವಿಯ ಶಸ್ತ್ರವೈದ್ಯರ ನಡುವೆ ಮೂರು ದಶಕಗಳಿಂದ ಈ ಚರ್ಚೆ ನಡೆದಿದೆ. ಸಿಮೆಂಟಿನ ಪರವಾದ ವಾದಕ್ಕೆ ಬಲವಿದೆ ಎಂದೇ ನಾನು ನಂಬಿದ್ದೇನೆ. ಆದರೆ ಅದರ ಹೆಸರಿನಲ್ಲಿ ಹೇಳುವ ಮಾತೆಲ್ಲಕ್ಕೂ ಅಷ್ಟೇ ಗಟ್ಟಿಯಾದ ಸಾಕ್ಷ್ಯವಿಲ್ಲ. ಚಿಕಿತ್ಸೆಗೆ ಒಪ್ಪಿಗೆ ಕೊಡುವ ರೋಗಿಗೆ ಈ ಎರಡೂ ಸಂಗತಿ ತಿಳಿದಿರಬೇಕು.

ಮೊದಲು ಈ ಕಿರುಮೂಳೆಗಳ ಕೆಲಸ ಏನೆಂದು ನೋಡೋಣ. ಸದ್ದು ಬರುವುದು ಗಾಳಿಯಲ್ಲಿ. ಅದನ್ನು ಗ್ರಹಿಸುವ ಒಳಗಿವಿಯಲ್ಲಿ ಇರುವುದು ದ್ರವ. ಗಾಳಿಯಿಂದ ನೇರವಾಗಿ ದ್ರವಕ್ಕೆ ಬಡಿದ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ, ಉಳಿದದ್ದು ಹಿಂದಕ್ಕೆ ಚಿಮ್ಮುತ್ತದೆ. ಈ ನಷ್ಟವನ್ನು ತುಂಬಿಕೊಡುವುದೇ ನಡುಗಿವಿ. ತಮಟೆಯಲ್ಲಿ ಕಂಪಿಸುವ ಭಾಗದ ವಿಸ್ತೀರ್ಣ ಸುಮಾರು 55 ಚದರ ಮಿಲಿಮೀಟರ್. ಒಳಗಿವಿಯ ಕಿಂಡಿಯಲ್ಲಿ ಕೂತಿರುವ ಸ್ಟೇಪಿಸ್ ಮೂಳೆಯ ಪಾದ ಸುಮಾರು 3.2 ಚದರ ಮಿಲಿಮೀಟರ್. ದೊಡ್ಡ ಹರವಿನ ಮೇಲೆ ಬಿದ್ದ ಒತ್ತಡ ಚಿಕ್ಕ ಪಾದಕ್ಕೆ ಬಂದು ಸೇರಿದಾಗ ಹದಿನೇಳು ಪಟ್ಟಾಗುತ್ತದೆ. ಜೊತೆಗೆ ತಮಟೆಗೆ ಅಂಟಿಕೊಂಡಿರುವ ಮೊದಲ ಕಿರುಮೂಳೆ ಮ್ಯಾಲಿಯಸ್ ಮತ್ತು ಇಂಕಸ್ ಸೇರಿ ಸನ್ನೆಗೋಲಿನಂತೆ ಕೆಲಸ ಮಾಡಿ ಅದನ್ನು ಇನ್ನೂ 1.3 ಪಟ್ಟು ಹೆಚ್ಚಿಸುತ್ತವೆ. ಒಟ್ಟು ಸುಮಾರು 22 ಪಟ್ಟು. ಡೆಸಿಬಲ್ ಲೆಕ್ಕದಲ್ಲಿ ಇಪ್ಪತ್ತೈದರ ಮೇಲೆ. ಇಷ್ಟೆಲ್ಲ ನಡೆಯುವುದು ನ್ಯಾನೋಮೀಟರುಗಳಲ್ಲಿ ಅಳೆಯುವ ಕಂಪನಗಳಲ್ಲಿ, ಮೂರು ಮಿಲಿಗ್ರಾಮಿನಷ್ಟು ತೂಗುವ ಸ್ಟೇಪಿಸ್ ಮೂಲಕ.

ಈ ಸರಪಳಿಯ ಕೊಂಡಿ ಒಂದು ಕಡೆ ತಪ್ಪಿದರೆ ಏನಾಗುತ್ತದೆ ಎಂಬುದರಲ್ಲಿ ಒಂದು ವಿಚಿತ್ರವಿದೆ. ತಮಟೆಯೂ ತೂತಾಗಿ ಸರಪಳಿಯೂ ಮುರಿದಿದ್ದರೆ, ಸದ್ದು ಆ ತೂತಿನ ಮೂಲಕವಾದರೂ ಅಷ್ಟಿಷ್ಟು ಒಳಗಿವಿಯ ಕಿಂಡಿಯನ್ನು ತಲುಪುತ್ತದೆ. ತಮಟೆ ಪೂರ್ತಿ ಮುಚ್ಚಿದ್ದು ಸರಪಳಿ ಮಾತ್ರ ಮುರಿದಿದ್ದರೆ ಆ ದಾರಿಯೂ ಇಲ್ಲ. ಆಗ ನಷ್ಟ 60 ಡೆಸಿಬಲ್ ಮುಟ್ಟಬಹುದು. ತಮಟೆಯನ್ನು ಮಾತ್ರ ಸರಿಪಡಿಸಿ ಸರಪಳಿಯನ್ನು ನೋಡದೆ ಬಿಟ್ಟಾಗ ಕೇಳಿಸುವುದು ಇನ್ನಷ್ಟು ಕುಗ್ಗಿತೆಂದು ರೋಗಿ ದೂರಿದರೆ ಅದು ಭ್ರಮೆಯಲ್ಲ. ಅದಕ್ಕೆ ಭೌತಶಾಸ್ತ್ರದ ಕಾರಣವಿದೆ.

ಮೂರರಲ್ಲಿ ಇಂಕಸ್ಸೇ ಯಾಕೆ ಹೆಚ್ಚಾಗಿ ಸವೆಯುತ್ತದೆ? ಅದರ ಉದ್ದನೆಯ ಚಾಚು ನಡುಗಿವಿಯ ಗಾಳಿಯಲ್ಲಿ ನೇತಾಡಿಕೊಂಡಿರುತ್ತದೆ. ತುದಿಗೆ ಬರುವ ರಕ್ತ ತೆಳುವಾದ ನಾಳಗಳದು, ಪಕ್ಕದಿಂದ ನೆರವಾಗುವ ಬೇರೆ ದಾರಿಗಳು ಕಡಿಮೆ. ವರ್ಷಗಟ್ಟಲೆ ಕಿವಿ ಸೋರಿದಾಗ ಉರಿಯೂತ ಈ ನಾಳಗಳನ್ನು ಮುಚ್ಚುತ್ತದೆ, ಸುತ್ತ ಬೆಳೆದ ಹಸಿಮಾಂಸ ಮೂಳೆಯನ್ನು ಕರಗಿಸುತ್ತದೆ. ತಮಟೆ ಒಳಕ್ಕೆ ಜೋತುಬಿದ್ದು ಈ ತುದಿಯ ಮೇಲೇ ಅಂಟಿಕೊಂಡರೂ ಅದೇ ಗತಿ. ತಲೆಗೆ ಪೆಟ್ಟು ಬಿದ್ದಾಗ ಸಡಿಲವಾಗುವುದೂ ಹೆಚ್ಚಾಗಿ ಇಂಕಸ್ ಮತ್ತು ಸ್ಟೇಪಿಸ್ ಕೂಡುವ ಕೀಲೇ. ಹೀಗೆ ಒಬ್ಬೊಬ್ಬರದು ಒಂದೊಂದು ಕಾರಣವಾದರೂ ಶಸ್ತ್ರವೈದ್ಯರಿಗೆ ಕಾಣುವ ನೋಟ ಹೆಚ್ಚುಕಡಿಮೆ ಒಂದೇ: ಮ್ಯಾಲಿಯಸ್ ಸರಿಯಿದೆ, ಸ್ಟೇಪಿಸ್ ಸರಿಯಿದೆ, ಇಂಕಸ್ಸಿನ ದೇಹವೂ ಸರಿಯಿದೆ. ತುದಿ ಮಾತ್ರ ಇಲ್ಲ. ಕೆಲವೊಮ್ಮೆ ಮೂಳೆ ಇದ್ದ ಜಾಗದಲ್ಲಿ ನಾರಿನ ಎಳೆಯೊಂದು ಉಳಿದಿರುತ್ತದೆ. ಅದು ತಗ್ಗಿನ ಸ್ವರಗಳನ್ನು ಹೇಗೋ ದಾಟಿಸುತ್ತದೆ, ಏರು ಸ್ವರಗಳನ್ನು ದಾಟಿಸಲಾರದು.

ಐವತ್ತರ ದಶಕದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ತ್ಸೋಲ್ನರ್ ಆಧುನಿಕ ಟಿಂಪನೋಪ್ಲಾಸ್ಟಿಗೆ, ಅಂದರೆ ತಮಟೆ ಮತ್ತು ನಡುಗಿವಿಯ ದುರಸ್ತಿಗೆ, ಅಡಿಪಾಯ ಹಾಕಿದಾಗಿನಿಂದ ಈ ಖಾಲಿ ಜಾಗಕ್ಕೆ ಏನಿಡಬೇಕೆಂಬ ಹುಡುಕಾಟ ನಡೆದೇ ಇದೆ. ರೋಗಿಯದೇ ಇಂಕಸ್ಸನ್ನು ಹೊರತೆಗೆದು, ಕೆತ್ತಿ, ಮ್ಯಾಲಿಯಸ್ ಮತ್ತು ಸ್ಟೇಪಿಸ್ ನಡುವೆ ಮತ್ತೆ ಕೂರಿಸುವ ವಿಧಾನ ಆ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಬಂತು. ಈಗಲೂ ಅದಕ್ಕೆ ಒಳ್ಳೆಯ ಹೆಸರಿದೆ. ಎಪ್ಪತ್ತರ ದಶಕದಲ್ಲಿ ಪ್ಲಾಸ್ಟಿಕ್ ಬಗೆಯ ಕೃತಕ ಮೂಳೆಗಳು ಬಂದವು, ಆಮೇಲೆ ಮೂಳೆಯ ಖನಿಜವನ್ನು ಹೋಲುವ ಹೈಡ್ರಾಕ್ಸಿಅಪಟೈಟ್, ತೊಂಬತ್ತರ ದಶಕದಿಂದ ಟೈಟಾನಿಯಂ. ಸ್ಟೇಪಿಸ್ಸಿನ ತಲೆಯ ಮೇಲೆ ಕೂರುವ ಕಡ್ಡಿಗೆ ಪಿಒಆರ್‌ಪಿ ಎಂದೂ, ಸ್ಟೇಪಿಸ್ಸಿನ ಕಮಾನೇ ಇಲ್ಲದಾಗ ಅದರ ಪಾದದ ಮೇಲೆ ನಿಲ್ಲುವ ಕಡ್ಡಿಗೆ ಟಿಒಆರ್‌ಪಿ ಎಂದೂ ಹೆಸರು. ಇವು ಸಾವಿರಾರು ಜನರಿಗೆ ಕೇಳಿಸುವಂತೆ ಮಾಡಿವೆ. ಆದರೆ ಇವುಗಳ ಸ್ವಭಾವದಲ್ಲೇ ಒಂದು ತೊಂದರೆಯಿದೆ. ಕಡ್ಡಿ ನಿಲ್ಲುವುದು ಬರಿಯ ಒತ್ತಡದ ಸಮತೋಲದಲ್ಲಿ. ತಮಟೆ ಒಳಕ್ಕೆ ಎಳೆದುಕೊಂಡರೆ ಅದು ವಾಲುತ್ತದೆ, ಜಾರುತ್ತದೆ, ಕೆಲವೊಮ್ಮೆ ತಮಟೆಯನ್ನೇ ತೂರಿ ಹೊರಗೆ ಬರುತ್ತದೆ. ಹಾಗಾಗದಿರಲೆಂದು ತಮಟೆಗೂ ಕಡ್ಡಿಗೂ ನಡುವೆ ಮೃದ್ವಸ್ಥಿಯ ತುಣುಕನ್ನು ಇಡುತ್ತಾರೆ. ಅದರಿಂದ ಅಪಾಯ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ಸಿಮೆಂಟಿನ ಆಕರ್ಷಣೆ ಹುಟ್ಟುವುದೇ ಇಲ್ಲಿ. ಅದು ಮ್ಯಾಲಿಯಸ್ ಮತ್ತು ಇಂಕಸ್ ನಡುವಿನ ಕೀಲನ್ನು ಮುಟ್ಟುವುದಿಲ್ಲ, ಸರಪಳಿಯನ್ನು ಹಿಡಿದಿರುವ ತಂತುಗಳನ್ನು ಕತ್ತರಿಸುವುದಿಲ್ಲ, ಸನ್ನೆಗೋಲಿನ ಲಾಭವನ್ನು ಬಿಟ್ಟುಕೊಡುವುದಿಲ್ಲ. ತಮಟೆಗೆ ತಾಗುವ ಹೊರವಸ್ತು ಯಾವುದೂ ಇಲ್ಲದ ಕಾರಣ ತಮಟೆಯನ್ನು ತೂರಿ ಬರುವ ಭಯವೂ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಸಿಮೆಂಟು ಸೋತರೆ ಮುಂದಿನ ದಾರಿ ಮುಚ್ಚುವುದಿಲ್ಲ. ಇಂಕಸ್ಸನ್ನು ತೆಗೆದು ಟೈಟಾನಿಯಂ ಕಡ್ಡಿ ಕೂರಿಸುವ ಅವಕಾಶ ಆಗಲೂ ಇರುತ್ತದೆ. ಮೊದಲೇ ಇಂಕಸ್ಸನ್ನು ತೆಗೆದುಹಾಕಿದ ಮೇಲೆ ಸಿಮೆಂಟಿನ ಕಡೆಗೆ ಹಿಂತಿರುಗುವುದು ಸುಲಭವಲ್ಲ.

ಯಾವ ಸಿಮೆಂಟು ಎಂಬ ಪ್ರಶ್ನೆಯನ್ನು ರೋಗಿಗಳು ಕೇಳುವುದು ತೀರ ಅಪರೂಪ. ಕೇಳಲೇಬೇಕಾದ ಪ್ರಶ್ನೆ ಇದು. ಮಂಡಿ, ಸೊಂಟದ ಕೀಲು ಬದಲಿಸುವಾಗ ಬಳಸುವ ಅಕ್ರಿಲಿಕ್ ಸಿಮೆಂಟು ಗಟ್ಟಿಯಾಗುವಾಗ ತುಂಬ ಬಿಸಿಯಾಗುತ್ತದೆ. ಇಲ್ಲಿ ಹೇಳುತ್ತಿರುವುದು ಅದನ್ನಲ್ಲ. ಕಿವಿಯಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ಕುಲ. ಒಂದು, ಗ್ಲಾಸ್ ಅಯಾನೋಮರ್. ಎಪ್ಪತ್ತರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬ ರಸಾಯನಶಾಸ್ತ್ರಜ್ಞರು ಹಲ್ಲಿಗಾಗಿ ರೂಪಿಸಿದ್ದು. ಫ್ಲೋರೈಡ್ ಮತ್ತು ಅಲ್ಯೂಮಿನಿಯಂ ಇರುವ ಗಾಜಿನ ಪುಡಿಯನ್ನು ಪಾಲಿಅಕ್ರಿಲಿಕ್ ಆಮ್ಲದ ಬಗೆಯ ದ್ರವದೊಡನೆ ಕಲಸಿದರೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಆಮ್ಲದ ಗುಂಪುಗಳು ಮೂಳೆಯ ಕ್ಯಾಲ್ಸಿಯಮ್ಮನ್ನು ರಾಸಾಯನಿಕವಾಗಿಯೇ ಹಿಡಿದುಕೊಳ್ಳುವುದರಿಂದ ಅಂಟು ಬಲವಾಗಿರುತ್ತದೆ. ಇನ್ನೊಂದು, ಹೈಡ್ರಾಕ್ಸಿಅಪಟೈಟ್ ಸಿಮೆಂಟು. ಕ್ಯಾಲ್ಸಿಯಂ ಫಾಸ್ಫೇಟ್ ಪುಡಿಗಳು ನೀರಿನ ಸಂಗದಲ್ಲಿ ಮೂಳೆಯ ಖನಿಜಕ್ಕೆ ಹೋಲುವ ವಸ್ತುವಾಗಿ ಮಾರ್ಪಡುತ್ತವೆ ಎಂದು ಬ್ರೌನ್ ಮತ್ತು ಚೌ ಎಂಬ ಸಂಶೋಧಕರು ಎಂಭತ್ತರ ದಶಕದಲ್ಲಿ ತೋರಿಸಿಕೊಟ್ಟಿದ್ದರು. ಇದರಲ್ಲಿ ಅಲ್ಯೂಮಿನಿಯಂ ಇಲ್ಲ, ಗಟ್ಟಿಯಾಗುವಾಗ ಹೇಳಿಕೊಳ್ಳುವಂಥ ಬಿಸಿಯೂ ಇಲ್ಲ. ಆದರೆ ಹಲ್ಲಿನ ಸಿಮೆಂಟಿನಷ್ಟು ಗಡುಸಲ್ಲ. ಗಟ್ಟಿಯಾಗುವ ಮುನ್ನ ರಕ್ತವೋ ದ್ರವವೋ ತಾಗಿದರೆ ಕದಡಿ ಹೋಗುತ್ತದೆ.

ಅಲ್ಯೂಮಿನಿಯಂ ಇದೆ, ಇಲ್ಲ ಎಂಬುದನ್ನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. 1994ರಲ್ಲಿ ಫ್ರಾನ್ಸಿನ ವೈದ್ಯರು ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆತಂಕದ ವರದಿಯೊಂದನ್ನು ಪ್ರಕಟಿಸಿದರು. ಕಿವಿಯ ಆಳದಲ್ಲಿ, ಮಿದುಳಿಗೆ ಹತ್ತಿರದ ಗೆಡ್ಡೆ ತೆಗೆದ ಶಸ್ತ್ರಚಿಕಿತ್ಸೆಯ ನಂತರ ಮೂಳೆಯ ದೊಡ್ಡ ಕುಳಿಯನ್ನು ಅಯಾನೋಮರ್ ಸಿಮೆಂಟಿನಿಂದ ಮುಚ್ಚಲಾಗಿತ್ತು. ಸಿಮೆಂಟಿನ ಅಲ್ಯೂಮಿನಿಯಂ ಮಿದುಳಿನ ಸುತ್ತಲಿನ ದ್ರವಕ್ಕೆ ಸೇರಿ ರೋಗಿಗಳಲ್ಲಿ ಗೊಂದಲ, ಮಾತಿನ ತೊಡಕು, ಸೆಳವು ಕಾಣಿಸಿಕೊಂಡವು. ಇಂಥ ಪ್ರಕರಣಗಳಲ್ಲಿ ಸಾವೂ ಸಂಭವಿಸಿದೆ. ಆ ಘಟನೆಯಿಂದ ಎರಡು ಪಾಠ ಕಲಿಯಬೇಕು, ಎರಡನ್ನೂ ಒಟ್ಟಿಗೇ. ಹಲ್ಲಿನಲ್ಲಿ ನಿರಪಾಯಕಾರಿಯಾದದ್ದು ದೇಹದ ಎಲ್ಲ ಕಡೆಯೂ ನಿರಪಾಯಕಾರಿ ಎಂದು ಊಹಿಸುವಂತಿಲ್ಲ. ಹಾಗೆಯೇ, ಗಟ್ಟಿಯಾಗದ ಸಿಮೆಂಟು ದೊಡ್ಡ ಪ್ರಮಾಣದಲ್ಲಿ ಮಿದುಳಿನ ದ್ರವಕ್ಕೆ ತಾಗಿದಾಗ ಆದದ್ದನ್ನು, ಒಣಗಿದ ನಡುಗಿವಿಯಲ್ಲಿ ಇಂಕಸ್ ತುದಿಗೆ ಇಡುವ ಸಾಸಿವೆಗಿಂತ ಚಿಕ್ಕ ಹನಿಗೆ ನೇರವಾಗಿ ಅನ್ವಯಿಸುವುದೂ ಸರಿಯಲ್ಲ. ಕಿರುಮೂಳೆಯ ದುರಸ್ತಿಗೆ ಗ್ಲಾಸ್ ಅಯಾನೋಮರನ್ನು ಎಚ್ಚರದಿಂದ ಬಳಸಿದ ವರದಿಗಳು ಆಮೇಲೂ ಹಲವು ದೇಶಗಳಿಂದ ಬಂದಿವೆ, ಅವುಗಳಲ್ಲಿ ಇಂಥ ವಿಷಬಾಧೆ ಮರುಕಳಿಸಿಲ್ಲ. ಆದರೂ ಮುಖದ ನರದ ಮೇಲಿನ ಮೂಳೆಹೊದಿಕೆ ಬಿರುಕು ಬಿಟ್ಟಿದ್ದರೆ, ಒಳಗಿವಿಯ ಕಿಂಡಿ ತೆರೆದಿದ್ದರೆ ಅಲ್ಲಿ ಈ ಸಿಮೆಂಟು ತಾಗಲೇಬಾರದು. ಇದರಲ್ಲಿ ರಾಜಿಯಿಲ್ಲ.

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ನಡೆಯುವ ಕೆಲಸ ಕೇಳಲು ಸರಳ, ಮಾಡಲು ಕಠಿಣ. ಸೂಕ್ಷ್ಮದರ್ಶಕದಲ್ಲಿಯೋ ಎಂಡೋಸ್ಕೋಪಿನಲ್ಲಿಯೋ ನೋಡುತ್ತ ತಮಟೆಯನ್ನು ಎತ್ತಿ ಮೊದಲು ಸ್ಟೇಪಿಸ್ ಅಲುಗುತ್ತದೆಯೇ, ಮ್ಯಾಲಿಯಸ್ ಅಲುಗುತ್ತದೆಯೇ ಎಂದು ಮೆಲ್ಲಗೆ ತಟ್ಟಿ ಪರೀಕ್ಷಿಸುತ್ತಾರೆ. ಎರಡರಲ್ಲಿ ಯಾವುದು ಬಿಗಿದುಕೊಂಡಿದ್ದರೂ ನಡುವೆ ಸೇತುವೆ ಕಟ್ಟಿ ಪ್ರಯೋಜನವಿಲ್ಲ. ಆಮೇಲೆ ಇಂಕಸ್ಸಿನ ಉಳಿದ ತುದಿಯಿಂದಲೂ ಸ್ಟೇಪಿಸ್ಸಿನ ತಲೆಯಿಂದಲೂ ಲೋಳೆಪೊರೆಯನ್ನು ಹೆರೆದು ತೆಗೆಯಬೇಕು. ಪೊರೆಯ ಮೇಲೆ ಹಾಕಿದ ಸಿಮೆಂಟು ಮೂಳೆಗೆ ಅಂಟುವುದಿಲ್ಲ. ಸೋಲುಗಳ ಮೂಲ ಹೆಚ್ಚಾಗಿ ಇರುವುದು ಈ ಹಂತದಲ್ಲಿ ಎಂದು ಅನುಭವಿಗಳು ಹೇಳುತ್ತಾರೆ. ರಕ್ತ ಪೂರ್ತಿ ನಿಲ್ಲಬೇಕು, ಜಾಗ ಒಣಗಿರಬೇಕು. ಕಲಸಿದ ಸಿಮೆಂಟು ತೀರ ನೀರಾಗಿದ್ದರೆ ಹರಿದು ಎಲ್ಲೆಲ್ಲೋ ಸೇರುತ್ತದೆ, ತೀರ ಗಟ್ಟಿಯಾದರೆ ಅಂಟುವುದಿಲ್ಲ. ನಡುವಿನ ಹದ ಸಿಗುವುದು ಅರ್ಧ ಒಂದು ನಿಮಿಷ ಮಾತ್ರ. ಸೂಜಿಯ ಮೊನೆಯಲ್ಲಿ ಹನಿಯೆತ್ತಿ ಎರಡು ತುದಿಗಳ ನಡುವೆ ಇಟ್ಟು, ಗಟ್ಟಿಯಾಗುವವರೆಗೆ ಯಾವುದನ್ನೂ ಅಲುಗಿಸದೆ ಕಾಯಬೇಕು. ಹತ್ತಿರದಲ್ಲೇ ಮುಖದ ನರದ ಕಾಲುವೆ, ಸ್ಟೇಪಿಸ್ಸಿನ ಸ್ನಾಯುತಂತು, ನಾಲಿಗೆಯ ರುಚಿಯ ನರ, ನಡುಗಿವಿಯ ಗೋಡೆ. ಒಂದು ಎಳೆ ಸಿಮೆಂಟು ಗೋಡೆಗೆ ತಾಗಿ ಅಲ್ಲೇ ಗಟ್ಟಿಯಾದರೆ ಸರಪಳಿ ಕೂಡಿಕೊಂಡೂ ಅಲುಗದೆ ನಿಲ್ಲುತ್ತದೆ. ಹೆಚ್ಚು ಹಾಕುವುದರಿಂದ ಇನ್ನೊಂದು ನಷ್ಟವೂ ಉಂಟು: ಸರಪಳಿಯ ತೂಕ ಏರಿದಷ್ಟೂ ಏರು ಸ್ವರಗಳು ಕುಗ್ಗುತ್ತವೆ. ಮಾತಿನಲ್ಲಿ ಸ, ಶ, ತ ಮುಂತಾದ ವ್ಯಂಜನಗಳನ್ನು ಬಿಡಿಸಿ ಕೇಳಿಸುವುದು ಆ ಸ್ವರಗಳೇ.

ಎರಡು ತುದಿಗಳ ನಡುವಿನ ಅಂತರ ಎಷ್ಟಿದ್ದರೆ ಸಿಮೆಂಟು ಸಾಕು? ಸ್ಥೂಲವಾಗಿ ಎರಡು ಮಿಲಿಮೀಟರಿನ ಆಸುಪಾಸಿನವರೆಗೆ ಎಂಬುದು ಬಹುಪಾಲು ಶಸ್ತ್ರವೈದ್ಯರ ನಡವಳಿಕೆ. ಉದ್ದನೆಯ ಚಾಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿದ್ದರೆ ಸೇತುವೆ ಉದ್ದವಾಗುತ್ತದೆ, ಉದ್ದವಾದಷ್ಟೂ ಮುರಿಯುವ ಸಂಭವ ಹೆಚ್ಚು. ಕೆಲವರು ನಡುವೆ ಮೂಳೆಯ ಚೂರನ್ನೋ ಸಣ್ಣ ತಂತಿಯನ್ನೋ ಇಟ್ಟು ಅದರ ಮೇಲೆ ಸಿಮೆಂಟು ಹಾಕುತ್ತಾರೆ. ಅಂಥ ಸಾಹಸಕ್ಕೆ ಇಳಿಯುವ ಬದಲು ಟೈಟಾನಿಯಂ ಕಡ್ಡಿಯನ್ನು ಒಪ್ಪಿಕೊಳ್ಳುವುದೇ ಮೇಲು ಎಂಬ ವಾದದ ಕಡೆಗೆ ನನ್ನ ಒಲವು.

ಈಗ ಫಲಿತಾಂಶದ ವಿಚಾರ. ಗಾಳಿಯ ಮೂಲಕ ಕೇಳಿಸುವ ಮಟ್ಟಕ್ಕೂ ತಲೆಬುರುಡೆಯ ಮೂಳೆಯ ಮೂಲಕ ಕೇಳಿಸುವ ಮಟ್ಟಕ್ಕೂ ನಡುವಿನ ಅಂತರವನ್ನು ಆಡಿಯೋಗ್ರಾಂ ಎಂಬ ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಅಳೆಯುತ್ತಾರೆ. ಶಸ್ತ್ರಚಿಕಿತ್ಸೆಯ ನಂತರ ಅದು 20 ಡೆಸಿಬಲ್ಲಿನೊಳಗೆ ಬಂದರೆ ಯಶಸ್ಸು ಎನ್ನುವುದು ರೂಢಿ. ಸಿಮೆಂಟಿನಿಂದ ಇಂಕಸ್ ಮತ್ತು ಸ್ಟೇಪಿಸ್ಸನ್ನು ಜೋಡಿಸಿದ ಬಹುತೇಕ ವರದಿಗಳಲ್ಲಿ ಹೆಚ್ಚಿನ ರೋಗಿಗಳು ಈ ಗೆರೆಯೊಳಗೆ ಬಂದಿದ್ದಾರೆ, ಹಲವು ವರದಿಗಳಲ್ಲಿ ಕೃತಕ ಕಡ್ಡಿಯ ಗುಂಪಿಗಿಂತ ಚೆನ್ನಾಗಿ. ಇದನ್ನು ಓದಿ ಸಿಮೆಂಟೇ ಶ್ರೇಷ್ಠವೆಂದು ತೀರ್ಮಾನಿಸುವ ಮೊದಲು ಒಂದು ಕ್ಷಣ ನಿಲ್ಲಬೇಕು. ಸಿಮೆಂಟು ಯಾರಿಗೆ ಹಾಕುತ್ತಾರೆ? ಮ್ಯಾಲಿಯಸ್, ಸ್ಟೇಪಿಸ್ ಎರಡೂ ಸರಿಯಾಗಿದ್ದು, ಮೂಳೆಯ ತುದಿಗಳ ನಡುವಿನ ಅಂತರ ಚಿಕ್ಕದಾಗಿದ್ದು, ಕಿವಿ ಒಣಗಿದವರಿಗೆ. ಕಡ್ಡಿ ಯಾರಿಗೆ? ಉಳಿದವರಿಗೆ, ಅಂದರೆ ರೋಗ ಹೆಚ್ಚು ತಿಂದುಹಾಕಿದವರಿಗೆ. ಮೊದಲನೆಯ ಗುಂಪಿಗೆ ಯಾವ ವಿಧಾನದಲ್ಲಿ ಚಿಕಿತ್ಸೆ ಮಾಡಿದ್ದರೂ ಫಲಿತಾಂಶ ಚೆನ್ನಾಗಿಯೇ ಬರುವ ಸಂಭವವಿತ್ತು. ಎರಡು ಗುಂಪುಗಳ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ವಸ್ತುವಿಗೆ ಅಂಕ ಕೊಟ್ಟರೆ ನಾವು ಅಳೆದದ್ದು ರೋಗದ ತೀವ್ರತೆಯನ್ನೇ ಇರಬಹುದು.

ವರದಿಗಳ ಇನ್ನೊಂದು ಕೊರತೆ ಕಾಲದ್ದು. ಬಹುಪಾಲು ಒಂದೇ ಆಸ್ಪತ್ರೆಯ, ಹತ್ತಾರು ರೋಗಿಗಳ, ಹಿಂತಿರುಗಿ ದಾಖಲೆ ನೋಡಿ ಬರೆದ ಅಧ್ಯಯನಗಳು. ಚೀಟಿಯೆತ್ತಿದಂತೆ ರೋಗಿಗಳನ್ನು ಎರಡು ಗುಂಪಿಗೆ ಹಂಚಿ ನಡೆಸಿದವು ಬೆರಳೆಣಿಕೆಯಷ್ಟು. ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಅಕಾಡೆಮಿ 1995ರಲ್ಲೇ, ನಾಲ್ಕು ನಿರ್ದಿಷ್ಟ ಆವರ್ತನಗಳ ಸರಾಸರಿ ತೆಗೆದು ಒಂದು ವರ್ಷ ಕಳೆದ ಮೇಲಿನ ಫಲಿತಾಂಶ ಕೊಡಿ ಎಂದು ಮಾರ್ಗಸೂಚಿ ಹಾಕಿತ್ತು. ಕಿರುಮೂಳೆಯ ದುರಸ್ತಿಗೆ ಒಂದು ವರ್ಷ ಏನೂ ಅಲ್ಲ. ಇಂಕಸ್ಸಿನ ತುದಿಗೆ ರಕ್ತ ಸಾಲದೆ ಅದು ಕರಗಿತ್ತು. ಸಿಮೆಂಟು ಆ ರಕ್ತವನ್ನು ಮರಳಿ ತರುವುದಿಲ್ಲ. ಸಿಮೆಂಟಿನ ಪಕ್ಕದ ಮೂಳೆ ಐದು, ಹತ್ತು ವರ್ಷದಲ್ಲಿ ಮತ್ತೆ ಕರಗುತ್ತದೆಯೇ ಎಂಬುದಕ್ಕೆ ಉತ್ತರ ಕೊಡಬೇಕಾದದ್ದು ದೀರ್ಘಕಾಲದ ಆಡಿಯೋಗ್ರಾಮುಗಳೇ. ಚಿಕಿತ್ಸೆ ಮಾಡುವವರೆಲ್ಲ ಇವನ್ನು ಸಂಗ್ರಹಿಸಿ ಪ್ರಕಟಿಸುವುದನ್ನು ಹೊಣೆಯೆಂದು ತಿಳಿಯಬೇಕು ಎಂದು ನಾನು ಒತ್ತಾಯಿಸಿ ಹೇಳುತ್ತೇನೆ. ಇಂಕಸ್ ಮತ್ತು ಸ್ಟೇಪಿಸ್ ನಡುವಿನ ಕೀಲನ್ನು ಸಿಮೆಂಟು ಬಿಗಿ ಮಾಡಿಬಿಡುತ್ತದೆ ಎಂಬ ಆಕ್ಷೇಪವನ್ನೂ ಇದರ ಜೊತೆ ಇಡಬೇಕು. ಸೀನು, ವಿಮಾನದ ಏರಿಳಿತದಂಥ ದೊಡ್ಡ ಒತ್ತಡ ಬಂದಾಗ ಆ ಕೀಲು ಬಾಗಿ ಒಳಗಿವಿಯನ್ನು ಕಾಪಾಡುತ್ತದೆ. ದಿನನಿತ್ಯದ ಸದ್ದು ಕೇಳಲು ಇದರಿಂದ ದೊಡ್ಡ ವ್ಯತ್ಯಾಸ ಕಾಣುವುದಿಲ್ಲವಾದರೂ ಆಕ್ಷೇಪಕ್ಕೆ ಅರ್ಥವಿದೆ.

ಮೂಳೆಗೆ ಮೂಳೆ ಜೋಡಿಸುವುದಕ್ಕಿಂತ ಬೇರೆಯದೇ ಆದ ಒಂದು ಸಂದರ್ಭದಲ್ಲಿ ಸಿಮೆಂಟಿನ ಉಪಯೋಗ ಬಹುಶಃ ಇನ್ನೂ ಸ್ಪಷ್ಟ. ಓಟೋಸ್ಕ್ಲೆರೋಸಿಸ್ ಎಂಬ ಕಾಯಿಲೆಯಲ್ಲಿ ಸ್ಟೇಪಿಸ್ ಬಿಗಿದುಕೊಳ್ಳುತ್ತದೆ. ಅದರ ಬದಲಿಗೆ ಸಣ್ಣ ಪಿಸ್ಟನ್ ಇಟ್ಟು, ಅದರ ಕೊಕ್ಕೆಯನ್ನು ಇಂಕಸ್ಸಿನ ಚಾಚಿಗೆ ಸಿಕ್ಕಿಸುತ್ತಾರೆ. ವರ್ಷಗಳು ಕಳೆದಂತೆ ಕೊಕ್ಕೆಯ ಕೆಳಗಿನ ಮೂಳೆ ಸವೆದು ಪಿಸ್ಟನ್ ಸಡಿಲವಾಗುವುದುಂಟು. ಎರಡನೆಯ ಬಾರಿ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಇದು ಮುಖ್ಯ ಕಾರಣಗಳಲ್ಲೊಂದು. ಆಗ ಪಿಸ್ಟನ್ನನ್ನು ಪೂರ್ತಿ ಕಿತ್ತು ಮ್ಯಾಲಿಯಸ್ಸಿನಿಂದ ನೇರವಾಗಿ ಒಳಗಿವಿಗೆ ಇನ್ನೊಂದನ್ನು ಇಳಿಸುವುದು ಕಷ್ಟದ, ಒಳಗಿವಿಗೆ ಅಪಾಯ ಹೆಚ್ಚಿಸುವ ಕೆಲಸ. ಕೊಕ್ಕೆಯನ್ನು ಸವೆದ ಇಂಕಸ್ಸಿಗೆ ಒಂದು ಹನಿ ಸಿಮೆಂಟಿನಿಂದ ಅಂಟಿಸಿದರೆ ಆ ಅಪಾಯವನ್ನೇ ತಪ್ಪಿಸಬಹುದು. ಒಳಗಿವಿಯ ಕಿಂಡಿಗೆ ಸಿಮೆಂಟು ಇಳಿಯದಂತೆ ನೋಡಿಕೊಳ್ಳಬೇಕು, ಅಷ್ಟೇ.

ಯಾರಿಗೆ ಬೇಡ ಎಂಬುದೂ ಸ್ಪಷ್ಟವಾಗಿದೆ. ಕಿವಿ ಇನ್ನೂ ಸೋರುತ್ತಿದ್ದರೆ ಮೊದಲು ಸೋಂಕು ಹೋಗಬೇಕು. ಕೊಲೆಸ್ಟಿಯಟೋಮಾ ಎಂಬ, ಚರ್ಮ ಒಳಗೆ ಬೆಳೆದು ಮೂಳೆ ತಿನ್ನುವ ರೋಗ ಇಂಕಸ್ಸನ್ನು ಸುತ್ತಿಕೊಂಡಿದ್ದರೆ ಆ ಮೂಳೆಯನ್ನು ಉಳಿಸಲು ಹೋಗುವುದು ರೋಗವನ್ನೇ ಉಳಿಸಿದಂತೆ. ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ತರುವ ನಳಿಕೆ ಸದಾ ಮುಚ್ಚಿಕೊಂಡಿರುವವರಲ್ಲಿ ಯಾವ ದುರಸ್ತಿಯೂ ಬಹುಕಾಲ ನಿಲ್ಲುವುದಿಲ್ಲ. ಧೂಮಪಾನವನ್ನೂ ಇಲ್ಲಿ ಸೇರಿಸಬೇಕು. ನಡುಗಿವಿಯ ಶಸ್ತ್ರಚಿಕಿತ್ಸೆಯ ಅಪಾಯವನ್ನು ಅಂದಾಜು ಮಾಡಲು ಬಳಸುವ ಸೂಚ್ಯಂಕದಲ್ಲಿ ಅದಕ್ಕೆ ಪ್ರತ್ಯೇಕ ಅಂಕಗಳೇ ಇವೆ. ಇನ್ನು, ನಷ್ಟ ಒಳಗಿವಿಯದೋ ನರದ್ದೋ ಆಗಿದ್ದರೆ ಕಿರುಮೂಳೆಯನ್ನು ಎಷ್ಟು ಚೆನ್ನಾಗಿ ಜೋಡಿಸಿದರೂ ಅದು ತುಂಬುವುದಿಲ್ಲ. ಶಸ್ತ್ರಚಿಕಿತ್ಸೆಯೇ ಬೇಡವೆನ್ನುವವರಿಗೆ ಶ್ರವಣ ಸಾಧನ ಇದ್ದೇ ಇದೆ. ಇಂಥ ನಷ್ಟದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಅದನ್ನು ಕಡಿಮೆ ದರ್ಜೆಯ ಆಯ್ಕೆಯೆಂದು ನೋಡಬೇಕಿಲ್ಲ.

ಕಿವಿಗೆಂದೇ ಅನುಮತಿ ಪಡೆದ ಹೈಡ್ರಾಕ್ಸಿಅಪಟೈಟ್ ಸಿಮೆಂಟುಗಳಿವೆ. ಆದರೆ ಅನೇಕ ಕಡೆ ಬಳಸುವುದು ಹಲ್ಲಿನ ಕ್ಯಾಪ್ ಅಂಟಿಸಲು ತಯಾರಾದ ಗ್ಲಾಸ್ ಅಯಾನೋಮರನ್ನೇ, ಕಾರಣ ಅದು ಅಗ್ಗ, ಸುಲಭವಾಗಿ ಸಿಗುತ್ತದೆ, ಬೇಗ ಗಟ್ಟಿಯಾಗುತ್ತದೆ. ಹಲ್ಲಿಗೆ ಅನುಮತಿ ಪಡೆದ ವಸ್ತುವನ್ನು ವೈದ್ಯರು ತಮ್ಮ ವಿವೇಚನೆಯಿಂದ ಕಿವಿಯಲ್ಲಿ ಬಳಸುವುದನ್ನು ನಾನು ತಪ್ಪೆನ್ನುವುದಿಲ್ಲ. ಕೃತಕ ಕಡ್ಡಿ ಕೊಳ್ಳಲಾಗದವರಿಗೆ ಅದೇ ಶ್ರವಣದ ದಾರಿಯಾಗಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯ ಪ್ರಕಾರ ಶ್ರವಣ ನಷ್ಟಕ್ಕೆ ನೆರವು ಬೇಕಾದವರು ಜಗತ್ತಿನಲ್ಲಿ 43 ಕೋಟಿ ಜನ, ಅವರಲ್ಲಿ ಹೆಚ್ಚಿನವರು ಇರುವುದು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ತಪ್ಪಾಗುವುದು ಹಲ್ಲಿನ ಸಿಮೆಂಟು ಬಳಸುವ ಸಂಗತಿಯನ್ನು ರೋಗಿಗೆ ಹೇಳದಿದ್ದಾಗ. ಒಪ್ಪಿಗೆ ಪತ್ರದಲ್ಲಿ ಸಿಮೆಂಟಿನ ಬಗೆ, ಅದು ಕಿವಿಗೆ ಅನುಮತಿ ಪಡೆದದ್ದೋ ಅಲ್ಲವೋ, ತೆರೆದು ನೋಡಿದಾಗ ಅಂತರ ದೊಡ್ಡದಿದ್ದರೆ ಬದಲಿ ಯೋಜನೆ ಏನು ಎಂಬ ಮೂರೂ ಇರಬೇಕು. ಕಿವಿ ತೆರೆಯುವವರೆಗೆ ಅಂತರ ಎಷ್ಟೆಂದು ಯಾರೂ ಖಚಿತವಾಗಿ ಹೇಳಲಾರರು. ಸಿಟಿ ಸ್ಕ್ಯಾನು ಸುಳಿವು ಕೊಟ್ಟೀತು, ತೀರ್ಪು ಕೊಡಲಾರದು. ಆದ್ದರಿಂದ ಮೂರನೆಯ ಪ್ರಶ್ನೆಗೆ ಉತ್ತರ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಸಿದ್ಧವಿರಬೇಕಾಗುತ್ತದೆ. ಬಿಡುಗಡೆಯ ಚೀಟಿಯಲ್ಲಿ ಸಿಮೆಂಟಿನ ಹೆಸರು, ಅಂತರದ ಅಳತೆ, ಸ್ಟೇಪಿಸ್ ಅಲುಗುತ್ತಿತ್ತೇ ಎಂಬ ಟಿಪ್ಪಣಿ, ಮೊದಲಿನ ಆಡಿಯೋಗ್ರಾಂ ಇಷ್ಟನ್ನು ಬರೆಸಿಕೊಂಡು ಜೋಪಾನವಾಗಿಡಿ. ಎಂಟು ವರ್ಷದ ನಂತರ ಮತ್ತೆ ಮಂದವಾಗತೊಡಗಿದರೆ, ಆ ಕಿವಿಯನ್ನು ಎರಡನೆಯ ಬಾರಿ ತೆರೆಯುವ ವೈದ್ಯರು ಮೊದಲು ಕೇಳುವುದು ಅದನ್ನೇ.